ನೀರಿಗೆ ಮೈ ಬಿಡುವ ಪಾಠ

ನಮ್ಮೂರಲ್ಲಿ ಯಾರೂ ಯಾರಿಗೂ ಯಾವುದನ್ನೂ ಪೂರ್ತಿಯಾಗಿ ಕಲಿಸುವುದಿಲ್ಲ. ಕಲಿಸಿದರೆ ಕಲಿಸಿದವರಿಗೆ ಅದು ಮರೆತುಹೋಗುತ್ತದೆ. ಮರೆವು ಎಂದರೆ, ಹೆಸರೊಂದು ಬಾಯಿಗೆ ಬಾರದೆ ಒದ್ದಾಡಿಸುವಂಥ ಮರೆವಲ್ಲ; ಹುಟ್ಟಿದಾಗಿನಿಂದ ಅದು ಗೊತ್ತೇ ಇರಲಿಲ್ಲವೇನೋ ಎಂಬಂತೆ ಕೈ ಬರಿದಾಗಿಬಿಡುತ್ತದೆ. ಅದಕ್ಕೇ ಎಲ್ಲರೂ ಒಂದಿಷ್ಟು ತುದಿ ಉಳಿಸಿಕೊಳ್ಳುತ್ತಾರೆ. ದರ್ಜಿ ತನ್ನ ಶಿಷ್ಯನಿಗೆ ಅಂಗಿಯೆಲ್ಲ ಹೊಲಿಯಲು ಕಲಿಸಿ, ಕಾಲರಿನ ಹತ್ತಿರ ಬರುತ್ತಲೂ ಎಲೆಅಡಿಕೆ ಹಾಕಿಕೊಳ್ಳಲು ಎದ್ದುಹೋಗುತ್ತಾನೆ. ಅತ್ತೆ ಸೊಸೆಗೆ ಸಾರು ಮಾಡುವುದನ್ನು ತೋರಿಸಿ, ಸರಿಯಾಗಿ ಒಗ್ಗರಣೆಯ ಹೊತ್ತಿಗೆ "ಹಾಲಿನವನು ಬಂದ ನೋಡೇ" ಎಂದು ಹೊರಗೆ ಕಳಿಸುತ್ತಾಳೆ. 'ಅತ್ತೆ ಇರೋವರೆಗೂ ಸಾರು ಸಪ್ಪೆ' ಎಂಬುದು ನಮ್ಮೂರ ಗಾದೆ. ಇದಕ್ಕೆಲ್ಲ ಯಾರೂ ಸಿಟ್ಟಾಗುವುದಿಲ್ಲ. ಸಾಯುವ ಕಾಲಕ್ಕೆ ಬೇಕಾದವರನ್ನು ಹತ್ತಿರ ಕರೆದು, ತುದಿ ಹೇಳಿ ಕಣ್ಣು ಮುಚ್ಚುವುದು ಪದ್ಧತಿ. ತಟ್ಟನೆ ಹೋದವರು ಮಾತ್ರ ಅದನ್ನು ಜೊತೆಯಲ್ಲೇ ಒಯ್ಯುತ್ತಾರೆ. ಹಾಗೆ ಹೋಗಿ ಹೋಗಿ ಈಗ ಊರಲ್ಲಿ ಕೊಡೆ ರಿಪೇರಿ ಮಾಡುವವರೇ ಇಲ್ಲ. ಮಳೆ ಬಂದರೆ ಕಡ್ಡಿ ಮುರಿದ ಕೊಡೆಗಳನ್ನೇ ಹಿಡಿದು, ಒಂದು ಭುಜ ನೆನೆಸಿಕೊಂಡು ಓಡಾಡುತ್ತೇವೆ.

ನನಗೆ ಈಜು ಬರುತ್ತಿತ್ತು. ಸಾಯುವ ಮುನ್ನ ನಮ್ಮಜ್ಜಿ ಕೊಟ್ಟುಹೋದ ಈಜು ಅದು. ಬೇರೆ ವಿದ್ಯೆಗಳಂತೆ ಇದರಲ್ಲಿ ತುದಿ ಉಳಿಸಿಕೊಂಡು ಕಲಿಸುವ ಹಾಗಿಲ್ಲ. ಕಾಲರಿಲ್ಲದ ಅಂಗಿಯನ್ನು ತೊಟ್ಟುಕೊಳ್ಳಬಹುದು, ತುದಿಯಿಲ್ಲದ ಈಜು ಆಳೆತ್ತರದ ನೀರಲ್ಲೇ ಕೊಲ್ಲುತ್ತದೆ. ಹಾಗಾಗಿ ನಮ್ಮಲ್ಲಿ ಈಜುವವರು ಕಡಿಮೆ. ಯಾರಾದರೊಬ್ಬ ಈಜುತ್ತಿದ್ದಾನೆಂದರೆ ಅವನಿಗೆ ಕಲಿಸಿದವನು ಸ್ಮಶಾನದಲ್ಲಿರುತ್ತಾನೆ, ಇಲ್ಲವೇ ದಡದಲ್ಲಿ ಕೂತಿರುತ್ತಾನೆ.

ನಾನು ದಡದಲ್ಲಿ ಕೂತವಳು. ನನ್ನ ತಂಗಿ ಹೊನ್ನಿ ಸಣ್ಣವಳಿದ್ದಾಗ ಬಟ್ಟೆ ಒಗೆಯುವ ಕಲ್ಲಿನಿಂದ ಜಾರಿ ಕೆರೆಗೆ ಬಿದ್ದಳು. ಎಳೆದು ಹಾಕಿದ್ದು ನಾನೇ. ಅಂದಿನಿಂದ ಅವಳು ಕೆರೆಯ ದಿಕ್ಕಿಗೆ ತಲೆಯಿಟ್ಟೂ ಮಲಗುತ್ತಿರಲಿಲ್ಲ. ಕೊಡದ ನೀರು ತುಳುಕಿದರೂ ಬೆಚ್ಚುತ್ತಿದ್ದಳು. ಆ ಹೆದರಿಕೆಯನ್ನು ನೋಡಲಾರದೆ ಅವಳ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗಿಳಿಸಿದೆ. ಕಲಿಸಿದರೆ ನನಗೇನಾಗುತ್ತದೆಂದು ಗೊತ್ತಿತ್ತು. ಆದರೂ ಒಂದು ದಿನ ಬುರುಡೆ ಬಿಚ್ಚಿದೆ. ಅವಳು ಕೇಕೆ ಹಾಕುತ್ತ ನಡುಕೆರೆಗೆ ಹೋದಳು. ನಾನು ಅವಳ ಹಿಂದೆ ಹೋಗಬೇಕೆಂದು ಹೆಜ್ಜೆ ಎತ್ತಿದೆ. ಮೊಣಕಾಲಿನ ಮೇಲೆ ನೀರು ಬರುತ್ತಿದ್ದಂತೆ ಎದೆ ಝಲ್ಲೆಂದಿತು. ಮೆಟ್ಟಿಲು ಹಿಡಿದು ನಿಂತೆ. ಅಷ್ಟೆ, ಮುಗಿಯಿತು.

ತಂಗಿಗೆ ಕೊಟ್ಟದ್ದಕ್ಕೆ ಒಂದು ದಿನವೂ ಪಶ್ಚಾತ್ತಾಪಪಟ್ಟವಳಲ್ಲ. ಆದರೆ ಬೇಕು ಅನ್ನಿಸುವುದು ಬೇರೆ, ಪಶ್ಚಾತ್ತಾಪ ಬೇರೆ. ಮದುವೆಯಾಯಿತು, ಮಕ್ಕಳಾದರು, ಗಂಡ ತೀರಿಕೊಂಡರು. ಎಲ್ಲದರ ನಡುವೆಯೂ ಸಂಜೆಯಾದರೆ ಮೆಟ್ಟಿಲ ಮೇಲೆ ಕೂತು ಪಾದ ಮುಳುಗಿಸುವುದು ತಪ್ಪಲಿಲ್ಲ. ಈಜುವುದು ಹೇಗೆಂದು ಮರೆತಿತ್ತು, ಈಜಿದಾಗ ಹೇಗಿತ್ತು ಎನ್ನುವುದು ಮರೆತಿರಲಿಲ್ಲ. ಮೈಗೆ ಭಾರವಿಲ್ಲದ ಆ ಹೊತ್ತು, ಬೆನ್ನ ಮೇಲೆ ಬಿಸಿಲು, ಹೊಟ್ಟೆಯ ಕೆಳಗೆ ತಂಪು. ಹಸಿವು ಹಾಗೇ ಇದ್ದು, ಉಣ್ಣುವುದು ಹೇಗೆಂಬುದೇ ಹೋದ ಹಾಗೆ. ಈಗಂತೂ ಮೊಣಕಾಲು ಹಿಡಿಯತೊಡಗಿದೆ. ಇನ್ನು ಕೆಲವು ವರ್ಷ ಹೋದರೆ ಮೆಟ್ಟಿಲನ್ನೂ ಇಳಿಯಲಾರೆ. ಅಷ್ಟರೊಳಗೆ ಒಂದು ಸಲ, ಒಂದೇ ಒಂದು ಸಲ ಎಂದು ಜೀವ ಬಾಯಿಬಿಡುತ್ತಿತ್ತು.

ಹೊನ್ನಿ ಕೆರೆಯ ಆಚೆ ದಡದ ವಿಶ್ವವಿದ್ಯಾಲಯದಲ್ಲಿ ಈಜಿನ ಮೇಡಂ ಆದಳು. ಈಜು ಕಲಿಸುವ ಮೇಡಂ ಅಲ್ಲ, ಈಜಿ ತೋರಿಸುವ ಮೇಡಂ. ಕೆರೆಗೆ ಬಿದ್ದವರನ್ನು ಎಳೆದು ತರುವುದೂ ಅವಳ ಕೆಲಸವೇ. ಹಬ್ಬಕ್ಕೆ ಬರುತ್ತಾಳೆ, ಉಪ್ಪಿನಕಾಯಿಯ ಮಾತಾಡುತ್ತಾಳೆ, ಸೊಸೆಯಂದಿರ ಮಾತಾಡುತ್ತಾಳೆ. ನೀರಿನ ಮಾತನ್ನು ಮಾತ್ರ ಎತ್ತುವುದಿಲ್ಲ. ನಮ್ಮ ಮನೆಯಲ್ಲಿ ಸ್ನಾನ ಮಾಡಿದರೂ ಸದ್ದಾಗದಂತೆ ಸುರಿದುಕೊಳ್ಳುತ್ತಾಳೆ.

ಈಚೆ ದಡದಲ್ಲಿ ಗುಡ್ಡದ ಮೇಲೆ ಇನ್ನೊಂದು ವಿಶ್ವವಿದ್ಯಾಲಯವಿದೆ. ಎರಡಕ್ಕೂ ತಲೆಮಾರಿನ ಜಗಳ. ಇವರು ಪರೀಕ್ಷೆ ಇಟ್ಟ ದಿನ ಅವರು ಕ್ರೀಡಾಕೂಟ ಇಡುತ್ತಿದ್ದರು, ಧ್ವನಿವರ್ಧಕ ಈ ಕಡೆಗೆ ತಿರುಗಿಸಿ. ಎರಡೂ ಕಡೆ ಕೊನೆಯ ಅಧ್ಯಾಯ ಬಿಟ್ಟೇ ಪಾಠ. ಪದವಿಪತ್ರದಲ್ಲಿ 'ತುದಿ ಹೊರತುಪಡಿಸಿ ಉತ್ತೀರ್ಣ' ಎಂದು ಮುದ್ರೆ ಇರುತ್ತದೆ. ಅಂಥವರು ಕೂತು ಒಂದು ಒಡಂಬಡಿಕೆ ಮಾಡಿಕೊಂಡರು. ಇನ್ನು ಮೇಲೆ ಆನ್‌ಲೈನ್ ಕೋರ್ಸುಗಳನ್ನು ಎರಡೂ ಕಡೆಯವರು ಸೇರಿ ತಯಾರಿಸುವುದು. ಪ್ರತಿ ವಿದ್ಯೆಯ ಅರ್ಧ ಪಾಠ ಇವರದು, ಅರ್ಧ ಅವರದು. ಎರಡನ್ನೂ ಕೂಡಿಸಿ ವಿಡಿಯೊ ಮಾಡಿದರೆ ಕಲಿಯುವವನಿಗೆ ಪೂರ್ತಿ ಸಿಗುತ್ತದೆ, ಪೂರ್ತಿ ಕೊಟ್ಟವರು ಯಾರೂ ಇಲ್ಲವಾದ್ದರಿಂದ ಯಾರಿಗೂ ಮರೆಯುವುದಿಲ್ಲ. ಕೂಡುಪಾಠ ಎಂದು ಹೆಸರಿಟ್ಟರು. ಊರಿಗೆ ಊರೇ ಹಿಗ್ಗಿತು.

ಗುಡ್ಡದ ಕಡೆಯಿಂದ ಇದರ ಉಸ್ತುವಾರಿ ಶಾರ್ವರಿ ಎಂಬ ಹೆಣ್ಣುಮಗಳದು. ಒಂದು ದಿನ ಅವಳು ನನ್ನನ್ನು ಹುಡುಕಿಕೊಂಡು ಮನೆಗೆ ಬಂದಳು.

"ಸಾಕಜ್ಜಿ, ರಾತ್ರಿಶಾಲೆಯಲ್ಲಿ ಓದು ಕಲಿತವರು ನೀವೇ ಅಲ್ವಾ?"

"ಹೌದು ಕಣವ್ವ. ಅಕ್ಷರ ಒಬ್ಬ ಮೇಷ್ಟ್ರು, ಕೂಡಿಸಿ ಓದೋದು ಇನ್ನೊಬ್ಬರು. ಇವರು ಬಂದ್ರೆ ಅವರಿಲ್ಲ, ಅವರು ಬಂದ್ರೆ ಇವರಿಲ್ಲ. ನಾನು ಒಂದು ವಾಕ್ಯ ಓದೋ ಹೊತ್ತಿಗೆ ಮಗಳ ಮದುವೆ ಆಗೋಗಿತ್ತು."

"ನಮಗೆ ಅಂಥೋರೇ ಬೇಕು. ಹರಕು ಮುರುಕಾಗಿ ಕಲಿತು ರೂಢಿ ಇರೋರು. ಪಾಠ ಬಿಡುಗಡೆ ಮಾಡೋ ಮುಂಚೆ ನೀವು ನೋಡಿ ಕಲೀಬೇಕು. ನಿಮಗೆ ಬಂದ್ರೆ ಎಲ್ಲರಿಗೂ ಬರುತ್ತೆ."

"ಅಂದ್ರೆ ಸಾರಿಗೆ ಉಪ್ಪು ನೋಡೋಳು ಅನ್ನು."

"ಹ್ಞೂಂ, ಹಂಗೇ," ಎಂದು ನಕ್ಕಳು.

ಹೀಗೆ ನಾನು ಕೂಡುಪಾಠದ ಮೊದಲ ವಿದ್ಯಾರ್ಥಿನಿಯಾದೆ. ಶಾರ್ವರಿ ಟ್ಯಾಬ್ ಒಂದನ್ನು ಕೊಟ್ಟಳು. ಮೊದಲು ಬಂದದ್ದು ಸೋಪು ಮಾಡುವ ಪಾಠ. ಅವರು ಹೇಳಿದಂತೆ ಕಲಸಿದೆ, ಕಾಯಿಸಿದೆ, ಅಚ್ಚಿಗೆ ಹೊಯ್ದೆ. ವಾರವಾದರೂ ಅದು ಪಾಯಸದಂತೆಯೇ ಇತ್ತು. ಅಭ್ಯಾಸಬಲ ನೋಡಿ: ಇಡೀ ವಿದ್ಯೆಯ ಅರ್ಧವನ್ನಷ್ಟೇ ಕೊಡುತ್ತಿದ್ದರೂ ಎರಡೂ ಕಡೆಯ ಪ್ರಾಧ್ಯಾಪಕರು ಆ ಅರ್ಧದಲ್ಲೂ ತುದಿ ಉಳಿಸಿಕೊಂಡಿದ್ದರು! ಕೇಳಿದರೆ ಒಬ್ಬರು "ಅದು ಅವರು ಹೇಳ್ತಾರೆ ಅಂದ್ಕೊಂಡೆ" ಎಂದರು, ಇನ್ನೊಬ್ಬರು ಕೆಮ್ಮಿದರು. ಶಾರ್ವರಿ ಎರಡೂ ಕಡೆಯವರನ್ನು ಕೂರಿಸಿ ಬೈದಳು, ಬೇಡಿಕೊಂಡಳು. ಎರಡನೆಯ ಸಲಕ್ಕೆ ಸೋಪು ಗಟ್ಟಿಯಾಯಿತು. ಸೋಪಿನ ಇಬ್ಬರು ಪ್ರಾಧ್ಯಾಪಕರೂ ಬೆಳಗ್ಗೆ ಎದ್ದವರೇ ಗಾಬರಿಯಿಂದ ಸೋಪು ಮಾಡಿ ನೋಡಿದರಂತೆ. ಇಬ್ಬರಿಗೂ ಬಂತು. ಅವತ್ತು ಗುಡ್ಡದ ಮೇಲೆ ಪಟಾಕಿ ಹೊಡೆದರು.

ಅವತ್ತೇ ನಾನು ಶಾರ್ವರಿಯನ್ನು ಕೇಳಿದೆ. "ಈಜಿನ ಕೂಡುಪಾಠ ಮಾಡ್ತೀರೇನವ್ವ?"

ಅವಳು ಕಣ್ಣರಳಿಸಿದಳು. "ಟ್ಯಾಬ್ ನೋಡಿ ಈಜು ಕಲಿಯೋದಾ ಅಜ್ಜಿ? ಮುಳುಗಿದ್ರೆ ಚಾರ್ಜ್ ಮಾಡಿ ಮತ್ತೆ ಮೇಲೇಳ್ತೀರಾ?"

"ನಗಬೇಡ ತಾಯಿ. ನನಗೊಮ್ಮೆ ಬರ್ತಿತ್ತು. ಯಾರ ಹತ್ರ ಕಲಿತ್ರೂ ಅವರದನ್ನ ಕಿತ್ಕೊಂಡ ಹಾಗಾಗುತ್ತೆ ಅಂತ ಇಷ್ಟು ವರ್ಷ ಬಾಯಿ ಬಿಡಲಿಲ್ಲ. ನಿಮ್ಮ ಪಾಠದಲ್ಲಿ ಯಾರದೂ ಹೋಗೋದಿಲ್ಲ ಅಲ್ವಾ? ಅದಕ್ಕೆ ಕೇಳ್ತಿದ್ದೀನಿ."

ಅವಳು ನಗುವುದನ್ನು ನಿಲ್ಲಿಸಿದಳು.

ಸಮಿತಿ ಒಪ್ಪಿತು. ಗುಡ್ಡದ ಕಡೆಯಿಂದ ಈರಭದ್ರ ಮೇಷ್ಟ್ರು. ಅವರಿಗೆ ಈಜು ಬಂದದ್ದು ತಂದೆಯಿಂದ. ಆ ತಂದೆ ಇಂದಿಗೂ ಬಚ್ಚಲಿನ ತೊಟ್ಟಿಗೂ ಹೆದರಿ ಚೊಂಬಿನಲ್ಲಿ ಸ್ನಾನ ಮಾಡುತ್ತಾರೆ. ಆಚೆ ಕಡೆಯಿಂದ, ಬೇರೆ ಯಾರಿದ್ದಾರೆ, ನನ್ನ ಹೊನ್ನಿ. ಉಸಿರಿನ ಪಾಠ ಮೇಷ್ಟ್ರದು, ಕೈಕಾಲಿನ ಪಾಠ ಹೊನ್ನಿಯದು ಎಂದು ಹಂಚಿದರು. ಒಬ್ಬರು ಹೇಳಿದ್ದು ಇನ್ನೊಬ್ಬರ ಕಿವಿಗೆ ಬೀಳಬಾರದೆಂದು ಚಿತ್ರೀಕರಣ ಬೇರೆ ಬೇರೆ ದಡದಲ್ಲಿ.

ವಿಡಿಯೊ ಕೈಗೆ ಬಂದ ದಿನ ನಾನು ಊಟ ಮಾಡಲಿಲ್ಲ. ಹೊನ್ನಿ ಈಜುವುದನ್ನು ಅಷ್ಟು ವರ್ಷಗಳ ಮೇಲೆ ಮೊದಲ ಸಲ ನೋಡುತ್ತಿದ್ದೆ. ತಲೆ ನರೆತಿದೆ, ಹೊಟ್ಟೆ ಬಂದಿದೆ, ನೀರೊಳಗೆ ಮಾತ್ರ ಅದೇ ಹುಡುಗಿ. ತೋಳು ಎತ್ತುವಾಗ ಬೆರಳು ಸ್ವಲ್ಪ ಕೊಂಕಿಸುತ್ತಾಳೆ. ಅದು ಅಜ್ಜಿಯ ಬೆರಳು. ನನ್ನದೂ ಹಾಗೇ ಇದ್ದಿರಬೇಕು. ಟ್ಯಾಬಿನ ಗಾಜನ್ನು ಸೆರಗಿನಿಂದ ಒರೆಸಿ ಒರೆಸಿ ನೋಡಿದೆ.

ಮೆಟ್ಟಿಲ ಮೇಲೆ ಟ್ಯಾಬ್ ಆನಿಸಿಟ್ಟು, ಸೊಂಟಮಟ್ಟದ ನೀರಲ್ಲಿ ಅಭ್ಯಾಸಕ್ಕಿಳಿದೆ. ಸೆರಗು ಬಿಗಿದ ಮುದುಕಿ ಕೆರೆಯಲ್ಲಿ ಕೈ ಬಡಿಯುವುದನ್ನು ನೋಡಲು ಜನ ನೆರೆದರು. "ಸಾಕಜ್ಜಿ, ಮೀನು ಹೆದರ್ಕೊಂಡು ಮರ ಹತ್ತಾವು!" ಎಂದೊಬ್ಬ ಕೂಗಿದ. ಉಸಿರು ಮೇಷ್ಟ್ರು ಹೇಳಿದಂತೆ, ಕೈಕಾಲು ಹೊನ್ನಿ ಹೇಳಿದಂತೆ. ಎರಡೂ ಬಂದವು. ಎರಡನ್ನೂ ಕೂಡಿಸಿ ಕಾಲೆತ್ತಿದೆ. ಗುಂಡುಕಲ್ಲಿನಂತೆ ಮುಳುಗಿದೆ. ಮತ್ತೆ ಕಾಲೆತ್ತಿದೆ, ಮತ್ತೆ ಮುಳುಗಿದೆ. ದಿನವೂ ಹೋದೆ. ಹೋದ ದಿನವೆಲ್ಲ ಕೆರೆಯ ತಳದ ಕೆಸರು ನನ್ನ ಹಣೆಗೆ ಹತ್ತಿತೇ ಹೊರತು ನೀರು ನನ್ನನ್ನು ಎತ್ತಲಿಲ್ಲ.

ಶಾರ್ವರಿ ಸಭೆ ಕರೆದಳು. ಈಚೆ ಅವಳು, ಮೇಷ್ಟ್ರು, ನಾನು. ಪರದೆಯ ಮೇಲೆ ಆಚೆ ದಡದ ಪ್ರೊಫೆಸರ್ ವಜ್ರಪ್ಪನವರು, ಅವರ ಪಕ್ಕ ಹೊನ್ನಿ. ಶುರುವಿಗೇ ಜಗಳ.

"ನಿಮ್ಮೋರು ತುದಿ ಬಚ್ಚಿಟ್ಟಿದ್ದಾರೆ," ಎಂದರು ವಜ್ರಪ್ಪ.

"ನಾನಾ? ನಮ್ಮಪ್ಪನಾಣೆ, ಉಸಿರಿನ ವಿಷ್ಯ ಒಂದಿಷ್ಟೂ ಉಳಿಸಿಲ್ಲ," ಮೇಷ್ಟ್ರು ಮೇಜು ಗುದ್ದಿದರು. "ನಿಮ್ಮ ಮೇಡಂನ ಕೇಳಿ!"

ಹೊನ್ನಿ ಅವರಿಬ್ಬರನ್ನೂ ನೋಡಲಿಲ್ಲ. ನೇರ ನನ್ನನ್ನು ನೋಡಿದಳು. "ಅಕ್ಕಾ, ಮುಳುಗಿದ್ಯಂತೆ."

"ಹ್ಞೂಂ ಕಣೇ. ಕೆರೆ ಹೂಳು ಎಷ್ಟಿದೆ ಅಂತ ನನ್ನ ಕೇಳು, ಹೇಳ್ತೀನಿ."

ಅವಳ ತುಟಿ ನಗಲು ಹೋಗಿ ನಿಂತಿತು. "ನಿನಗೆ ಅಂತ ಗೊತ್ತಿತ್ತಲ್ಲ ಅಕ್ಕಾ. ಬಚ್ಚಿಡ್ತೀನಾ?"

"ನೀನು ಇಡೋದಿಲ್ಲ."

"ಕಾಲೆತ್ತಿದಾಗ ಏನಾಗುತ್ತೆ, ಹೇಳು."

"ಮೈ ಬಿಗಿಯುತ್ತೆ. ನೀರು ಹಿಡ್ಕೋತದೆ ಅನ್ನೋ ನಂಬಿಕೆ ಬರೋದಿಲ್ಲ."

ಅವಳು ಕಣ್ಣು ಮುಚ್ಚಿದಳು. "ನೀರಿಗೆ ಮೈ ಬಿಟ್ಟುಕೊಡೋದು. ಅದನ್ನ ನಾನು ಹೇಳ್ಲಿಲ್ಲ. ಅದು ಉಸಿರಿನ ಜೊತೆ ಬರುತ್ತೆ ಅಂದ್ಕೊಂಡಿದ್ದೆ."

"ನಾನು ಅದು ಕೈಕಾಲಿನ ಜೊತೆ ಬರುತ್ತೆ ಅಂದ್ಕೊಂಡೆ," ಎಂದರು ಮೇಷ್ಟ್ರು ಮೆತ್ತಗೆ.

ಯಾರೂ ಬಚ್ಚಿಟ್ಟಿರಲಿಲ್ಲ. ಕಲ್ಲಂಗಡಿ ಹೋಳು ಮಾಡುವಂತೆ ಈಜನ್ನು ಎರಡಾಗಿ ಕೊಯ್ದಾಗ, ಕತ್ತಿ ಹರಿದ ಜಾಗದಲ್ಲೇ ಮೈ ಬಿಡುವುದು ಸೋರಿಹೋಗಿತ್ತು. ಮೂರನೆಯ ಪಾಠ ಮಾಡೋಣವೆಂದು ಸಮಿತಿ ತೀರ್ಮಾನಿಸಿತು. ಮೇಷ್ಟ್ರು ಬೆಂಚಿನ ಮೇಲೆ ಬೋರಲು ಮಲಗಿ "ನೀರಿದೆ ಅಂದ್ಕೊಳ್ಳಿ, ಮೈ ಬಿಡಿ" ಎಂದು ವಿಡಿಯೊ ಮಾಡಿದರು. ಬೆಂಚಿನ ಕಾಲು ಮುರಿಯಿತು. ನಾನು ಅದನ್ನು ನೋಡಿಯೂ ಮುಳುಗಿದೆ. ಆ ಒಂದನ್ನು ಬಿಡಿಯಾಗಿ ಕೊಡಲು ಬರುವುದಿಲ್ಲ. ಅದನ್ನು ಕೊಡಬೇಕೆಂದರೆ ಜೊತೆಗೆ ನೀರಿಗಿಳಿಯಬೇಕು, ಉಸಿರು, ಕೈಕಾಲು ಎಲ್ಲದರ ಸಮೇತ ಕೊಡಬೇಕು. ಹಾಗೆ ಕೊಟ್ಟವರು ಆಮೇಲೆ ದಡ ಸೇರಬೇಕು.

ಅಂದ ಮೇಲೆ ಮುಗಿಯಿತು ಎಂದುಕೊಂಡೆ. ಟ್ಯಾಬನ್ನು ಸೀರೆಯ ತುಂಡಿನಲ್ಲಿ ಸುತ್ತಿ, ವಾಪಸು ಕೊಡಲೆಂದು ಬಾಗಿಲ ಬಳಿ ಇಟ್ಟೆ. ಆಸೆ ಹುಟ್ಟುವ ಮುಂಚೆ ಇದ್ದುದಕ್ಕಿಂತ ಮನೆ ಹೆಚ್ಚು ಒಣಗಿದಂತೆ ಕಂಡಿತು.

ಒಂದು ಬೆಳಗ್ಗೆ ಹೊನ್ನಿ ಬಂದಳು. ಹಬ್ಬವಿರಲಿಲ್ಲ. ಕೆರೆ ಸುತ್ತಿ ಬರುವ ಮೊದಲ ಬಸ್ಸಿಗೇ ಬಂದಿದ್ದಳು, ಕೈಯಲ್ಲಿ ಒಂದು ಚೀಲ, ಅದರಲ್ಲಿ ಟವೆಲು. ಕಾಫಿ ಬೇಡವೆಂದಳು.

"ನಡಿ ಅಕ್ಕಾ, ಕೆರೆಗೆ."

"ಯಾಕೆ?"

"ವಾಪಸ್ ಕೊಡೋಕೆ."

"ಸೀರೆ ಏನೇ ಅದು, ಉಟ್ಟು ವಾಪಸ್ ಕೊಡೋಕೆ? ಹುಚ್ಚು ಹಿಡಿದಿದೆಯಾ? ನಿನ್ನ ಕೆಲಸ ಏನಾಗುತ್ತೆ? ಬಿದ್ದೋರನ್ನ ಯಾರು ಎತ್ತುತಾರೆ?"

"ಇನ್ನೆರಡು ವರ್ಷಕ್ಕೆ ಹೆಂಗೂ ನಿವೃತ್ತಿ. ಬಿದ್ದೋರನ್ನ ನೀನು ಎತ್ತು."

"ಈ ಮೊಣಕಾಲು ಇಟ್ಕೊಂಡಾ? ಇಬ್ಬರೂ ಒಟ್ಟಿಗೆ ಹೋಗ್ತೀವಿ, ಬಿದ್ದೋನೂ ನಾನೂ."

ಅವಳು ನಗಲಿಲ್ಲ. ಹೊಸ್ತಿಲ ಮೇಲೆ ಕೂತಳು. "ಇಷ್ಟು ವರ್ಷ ನೀರಲ್ಲೇ ಇದ್ದೀನಿ ಅಕ್ಕಾ. ಒಂದು ದಿನಾನೂ ಒಬ್ಬಳೇ ಈಜಿಲ್ಲ. ಯಾವ ಕಡೆ ತಿರುಗಿದ್ರೂ ದಡದಲ್ಲಿ ನೀನು ಕೂತಿರ್ತೀಯ. ನಂಗೂ ಸಾಕಾಗಿದೆ."

ನಾನು ಸೆರಗು ಬಿಗಿದೆ.

ಮೆಟ್ಟಿಲ ಬಳಿ ಶಾರ್ವರಿ ಕಾಯುತ್ತಿದ್ದಳು. ಹೊನ್ನಿಯೇ ಫೋನು ಮಾಡಿ ಕರೆಸಿದ್ದಳಂತೆ, ಪಾಠ ಫಲಿಸಿತೋ ಇಲ್ಲವೋ ಎಂದು ಬರೆದುಕೊಳ್ಳಲು. ಹೊನ್ನಿ ನನ್ನ ಕೈ ಹಿಡಿದು ಎದೆಮಟ್ಟದ ನೀರಿಗೆ ಕರೆದೊಯ್ದಳು. ಅಂಗೈಗಳನ್ನು ನನ್ನ ಬೆನ್ನ ಕೆಳಗೆ ಚಾಚಿ, "ಮಲಗು," ಎಂದಳು. "ಮೇಲೆ ನೋಡು. ಕತ್ತು ಸಡಿಲ ಬಿಡು. ನನ್ನ ಕೈ ಇದೆ."

ಮಲಗಿದೆ. ಅವಳ ಕೈ ಗಟ್ಟಿಯಾಗಿತ್ತು. ಕೆರೆ ಕಿವಿಯೊಳಗೆ ಬಂದು ತುಂಬಿಕೊಂಡಿತು. ಊರಿನ ಸದ್ದೆಲ್ಲ ದೂರವಾಗಿ ನನ್ನ ಉಸಿರು ನನಗೇ ದೊಡ್ಡದಾಗಿ ಕೇಳತೊಡಗಿತು. ಕಾಲು ತಾನಾಗಿ ಮೇಲೆ ಬಂತು. ಮೊಣಕಾಲಿನ ನೋವು ಎಲ್ಲೋ ಇಳಿದುಹೋಯಿತು. ಬಿಗಿದುಕೊಂಡಿದ್ದ ಬೆನ್ನು ಒಂದೊಂದೇ ಗಂಟು ಬಿಚ್ಚುತ್ತ ಬಂತು. ಅಯ್ಯೋ, ಇದೇ, ಇದೇ! ನನ್ನ ಕಣ್ಣಲ್ಲಿ ನೀರು ಬಂದು ಕೆರೆಗೆ ಸೇರಿತು.

"ಅಕ್ಕಾ," ಹೊನ್ನಿಯ ದನಿ ನೀರೊಳಗಿಂದ ಬಂದಂತೆ ಕೇಳಿತು. "ನನ್ನ ಕೈ ಮೇಲೆ ಭಾರಾನೇ ಇಲ್ಲ. ನೀನು ತೇಲ್ತಿದ್ದೀಯ. ಕೈ ತೆಗೀತೀನಿ."

ಕಣ್ಣು ತಿರುಗಿಸಿ ಅವಳ ಮುಖ ನೋಡಿದೆ. ನಗುತ್ತಿದ್ದಳು. ಆದರೆ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ತಲೆಯ ಮೇಲಿಂದ ನಡುಕೆರೆಯನ್ನು ನೋಡುತ್ತಿದ್ದಳು, ರೈಲು ಹತ್ತುವವರು ಮನೆಯ ಕಡೆ ಕೊನೆಯ ಸಲ ನೋಡುವ ಹಾಗೆ. ಆ ನೋಟ ನನಗೆ ಗೊತ್ತು. ಅದನ್ನು ಹೊತ್ತು ಬದುಕುವುದು ಹೇಗೆಂಬುದು ಈ ಊರಲ್ಲಿ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ದಡ ಎಂದೂ ಖಾಲಿಯಾಗುವುದಿಲ್ಲ, ಕೂತವರು ಬದಲಾಗುತ್ತಾರೆ ಅಷ್ಟೆ. ಆ ಕೈ ತೆಗೆದರೆ ಪಾಠ ಪೂರ್ತಿಯಾಗುತ್ತದೆ, ಈ ಸಲ ಕೂರುವವಳು ಹೊನ್ನಿ. ನಾನು ಕೆರೆಯಲ್ಲಿರುವ ನಾಲ್ಕು ದಿನ ಯಾವ ಕಡೆ ತಿರುಗಿದರೂ ಅವಳೇ ಕಾಣುತ್ತಾಳೆ.

"ತೆಗೀಬೇಡ," ಎಂದೆ.

"ಒಂದೇ ನಿಮಿಷ ಅಕ್ಕಾ. ನಿನಗೆ ಬಂದೇಬಿಟ್ಟಿದೆ."

"ಬರೋದು ಬೇಡ. ಹಿಡ್ಕೋ."

ಬಿಚ್ಚಿದ್ದ ಗಂಟನ್ನೆಲ್ಲ ನಾನೇ ಮತ್ತೆ ಕಟ್ಟಿಕೊಂಡೆ. ಕತ್ತು ಬಿಗಿದೆ, ಸೊಂಟ ಬಿಗಿದೆ. ಜೀವಮಾನದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ. ಮೈ ಇಳಿಯಿತು, ಅವಳ ಅಂಗೈ ಮೇಲೆ ಬಂದು ಕೂತಿತು. ಅವಳಿಗೆ ಅರ್ಥವಾಯಿತು. ಅಂಗೈಗಳನ್ನು ಇನ್ನಷ್ಟು ಅಗಲಿಸಿ ನನ್ನ ಭಾರ ಹೊತ್ತಳು.

"ಅಜ್ಜೀ!" ಮೆಟ್ಟಿಲ ಮೇಲಿಂದ ಶಾರ್ವರಿ ಕೂಗಿದಳು. "ಏನಂತ ಬರೀಲಿ? ಬಂತಾ, ಇಲ್ವಾ?"

"ಕೈ ಹಿಡಿಯೋಕೆ ಒಬ್ಬರು ಬೇಕು ಅಂತ ಬರಿಯವ್ವ," ಎಂದು ಮಲಗಿದಲ್ಲಿಂದಲೇ ಕೂಗಿದೆ. "ಬಿಡೋಕಲ್ಲ, ಹಿಡಿಯೋಕೆ."

ಅವಳಿಗೆ ತಿಳಿಯಿತೋ ಇಲ್ಲವೋ, ತಲೆಯಾಡಿಸಿದಳು.

"ಭಾರ ಇದ್ದೀಯ," ಎಂದಳು ಹೊನ್ನಿ, ಮೂಗೊರೆಸಲು ಕೈ ಬಿಡುವಂತಿಲ್ಲದೆ ಭುಜಕ್ಕೆ ಒತ್ತಿಕೊಳ್ಳುತ್ತ. "ಎಷ್ಟು ಹೊತ್ತು ಹಿಂಗೇ ಹಿಡ್ಕೊಂಡಿರ್ಲಿ?"

"ಕೈ ಸೋಲೋವರೆಗೆ."

"ಆಮೇಲೆ?"

"ನಾಳೆ ಮತ್ತೆ ಬಾ. ಬಸ್ಸು ಇದೆಯಲ್ಲ."

ನಡುಕೆರೆಯಿಂದ ಸಣ್ಣದೊಂದು ಅಲೆ ಬಂದು ನನ್ನನ್ನು ಅವಳ ಕೈಯಿಂದ ಎತ್ತಿಕೊಳ್ಳಲು ನೋಡಿತು. ಎಷ್ಟು ಮೆತ್ತಗೆ ಎತ್ತಿತೆಂದರೆ, ನನ್ನ ಮೈಯೆಲ್ಲ ಅದರ ಕಡೆಗೆ ವಾಲಿತು. ನಾನು ಹೊನ್ನಿಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡೆ.